ಸೆನ್ಸರ್ ಮಾಸ್ಟ್ರಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಹತ್ತಿರದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಸಂಶೋಧನೆ ವೈರ್‌ಲೆಸ್ ಸಂವಹನ ಮತ್ತು ಸೆನ್ಸರ್ ಜಾಲಗಳ ಮೇಲೆ. ಲ್ಯಾಬಿಗಿಂತ ಜಾಸ್ತಿ ಹೊತ್ತು ಅಡಿಕೆ ತೋಟದಲ್ಲಿ, ತೋಡಿನ ಬದಿಯಲ್ಲಿ ಕಳೆಯುವುದು ನೋಡಿ ಊರಿನವರು "ಸೆನ್ಸರ್ ಮಾಸ್ಟ್ರು" ಎಂದು ಹೆಸರಿಟ್ಟಿದ್ದಾರೆ. ವಿದ್ಯಾರ್ಥಿಗಳು, ತೋಟದವರು, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತ ನೆಂಟರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಒಮ್ಮೆ ಬರೆದಿಟ್ಟರೆ ಆಯಿತಲ್ಲ ಎಂದುಕೊಂಡೆ.

ನಿಮ್ಮ ಕೆಲಸ ಎಂತದ್ದು ಮಾಸ್ಟ್ರೇ? ಒಂದೇ ಮಾತಲ್ಲಿ ಹೇಳಿ.

ತೋಟಕ್ಕೆ ಇಳಿಯದೆ ತೋಟದ ಸುದ್ದಿ ಮನೆಗೆ ಬರುವಂತೆ ಮಾಡುವುದು.

ಬಿಡಿಸಿ ಹೇಳುವುದಾದರೆ, ಒಂದು ಬುತ್ತಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಅದರಲ್ಲಿ ಒಂದು ಸೆನ್ಸರ್, ಒಂದು ಚಿಕ್ಕ ಚಿಪ್, ಒಂದು ರೇಡಿಯೋ, ಒಂದು ಬ್ಯಾಟರಿ. ಇದಕ್ಕೆ ನೋಡ್ ಎನ್ನುತ್ತೇವೆ. ಮಣ್ಣಿನ ತೇವ ಎಷ್ಟು, ಮಳೆ ಎಷ್ಟು ಬಿತ್ತು, ಎಲೆ ಎಷ್ಟು ಹೊತ್ತು ಒದ್ದೆ ಇತ್ತು ಎಂದು ಅಳೆದು ಕಳಿಸುತ್ತದೆ. ಇಂಥ ಹತ್ತಿಪ್ಪತ್ತು ನೋಡ್‌ಗಳ ಮಾತನ್ನು ಮನೆಯ ಮಾಡಿನ ಮೇಲೆ ಕೂತ ಗೇಟ್‌ವೇ ಕೇಳಿಸಿಕೊಂಡು ಇಂಟರ್ನೆಟ್ಟಿಗೆ ದಾಟಿಸುತ್ತದೆ. ಅಳೆಯುವುದು ಸುಲಭ. ಅಳೆದ ಸಂಖ್ಯೆ ದಾರಿಯಲ್ಲಿ ಕಳೆದುಹೋಗದಂತೆ, ಬ್ಯಾಟರಿ ಬೇಗ ಮುಗಿಯದಂತೆ ನೋಡಿಕೊಳ್ಳುವುದೇ ನನ್ನ ಸಂಶೋಧನೆ.

ಸಿಮ್ ಹಾಕಿದರೆ ಆಗುವುದಿಲ್ಲವಾ? ಇಷ್ಟೆಲ್ಲ ಯಾಕೆ?

ನಿಮ್ಮ ತೋಟದ ಕೆಳಗಿನ ಬೈಲಿನಲ್ಲಿ ನಿಂತು ಒಂದು ಫೋನ್ ಮಾಡಿ ನೋಡಿ. ಗುಡ್ಡೆ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ಜಾಗಗಳೇ ನಮ್ಮಲ್ಲಿ ಜಾಸ್ತಿ. ಸಿಗ್ನಲ್ ಇದ್ದರೂ ಒಂದೊಂದು ಪೆಟ್ಟಿಗೆಗೂ ಸಿಮ್, ಒಂದೊಂದು ಸಿಮ್ಮಿಗೂ ರೀಚಾರ್ಜ್. ಮೊಬೈಲ್ ರೇಡಿಯೋ ಕರೆಂಟ್ ತಿನ್ನುವುದೂ ಹೆಚ್ಚು. ಎರಡು ಪೆಟ್ಟಿಗೆ ಸಾಕು ಅನ್ನುವವರಿಗೆ, ಟವರ್ ಹತ್ತಿರ ಇರುವವರಿಗೆ ಸಿಮ್ಮೇ ಒಳ್ಳೆಯದು. ಅಂಥವರಿಗೆ ನಾನೂ ಅದನ್ನೇ ಹೇಳುತ್ತೇನೆ.

ಮಳೆ ಬಂದರೆ ಟಿವಿ ಹೋಗುತ್ತದೆ. ನಿಮ್ಮ ಸೆನ್ಸರ್ ಹೋಗುವುದಿಲ್ಲವಾ?

ನಾನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಸ್ವಲ್ಪ ಉದ್ದದ ಉತ್ತರ.

ಟಿವಿ ಡಿಶ್‌ಗೆ ಬರುವ ಅಲೆ 10 ಗಿಗಾಹರ್ಟ್ಜ್‌ಗಿಂತ ಮೇಲಿನದು. ಅದರ ಅಲೆಯುದ್ದ ಮೂರು ಸೆಂಟಿಮೀಟರಿಗಿಂತ ಕಡಿಮೆ. ಇಷ್ಟು ಚಿಕ್ಕ ಅಲೆಗೆ ದಪ್ಪ ಮಳೆಹನಿ ಒಂದು ಅಡ್ಡಿಯೇ. ಹನಿಗಳು ಅದನ್ನು ಹೀರುತ್ತವೆ, ಚದುರಿಸುತ್ತವೆ. ಹಾಗಾಗಿ ಜುಲೈ-ಆಗಸ್ಟಿನ ಆಟಿ ಮಳೆಗೆ ಸರಿಯಾಗಿ ಧಾರಾವಾಹಿಯ ಮಧ್ಯದಲ್ಲೇ ಪರದೆ ನೀಲಿಯಾಗುತ್ತದೆ.

ನಾವು ತೋಟದಲ್ಲಿ ಬಳಸುವ ಲೋರಾ (ಕಡಿಮೆ ಕರೆಂಟಿನಲ್ಲಿ ಚಿಕ್ಕ ಸುದ್ದಿಯನ್ನು ದೂರಕ್ಕೆ ಕಳಿಸುವ) ರೇಡಿಯೋ 866 ಮೆಗಾಹರ್ಟ್ಜ್ ಆಸುಪಾಸಿನದು. ಅಲೆಯುದ್ದ ಸುಮಾರು 35 ಸೆಂಟಿಮೀಟರ್. ಇದಕ್ಕೆ ಬೀಳುವ ಮಳೆ ಲೆಕ್ಕಕ್ಕೇ ಇಲ್ಲ. ಪುಸ್ತಕದಲ್ಲೂ ಹಾಗೆಯೇ ಇದೆ, ಅಳೆದಾಗಲೂ ಹಾಗೆಯೇ ಬಂತು.

ಹಾಗಾದರೆ ತೊಂದರೆ ಇಲ್ಲವಾ? ಇದೆ. ತೊಂದರೆ ಕೊಡುವುದು ಬಿದ್ದ ಮಳೆ. ಅಡಿಕೆ ಮರದ ಕಾಂಡಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿರುತ್ತಾರಲ್ಲ, ಅದರ ಎಲೆ ಎಲೆಯ ಮೇಲೂ ನೀರಿನ ಪದರ ಕೂರುತ್ತದೆ. ರೇಡಿಯೋ ಅಲೆ ಅಂಥ ನೂರಾರು ಒದ್ದೆ ಎಲೆಗಳನ್ನು ದಾಟಿ ಬರಬೇಕು. ಜೊತೆಗೆ ಮಳೆಗಾಲದಲ್ಲಿ ಬುಡದಲ್ಲಿ ಕಾಡು ಬೆಳೆಯುತ್ತದೆ, ಕೆಸುವಿನೆಲೆ ಕೊಡೆಯಷ್ಟು ಅಗಲವಾಗುತ್ತದೆ. ಜನವರಿಯಲ್ಲಿ ಇಟ್ಟು "ಆಹಾ, ಎಲ್ಲ ಪ್ಯಾಕೆಟ್ ಬರುತ್ತಿದೆ" ಎಂದು ಖುಷಿಪಟ್ಟ ಜಾಲ ಜುಲೈಯಲ್ಲಿ ಮೌನ. ನನ್ನ ಮೊದಲ ವರ್ಷದ ಕತೆ ಇದೇ. ಅಂದಿನಿಂದ ಬೇಸಗೆಯಲ್ಲಿ ತೆಗೆದ ಅಳತೆಯನ್ನಷ್ಟೇ ಹಿಡಿದು ಬರೆದ ಪೇಪರ್ ಕಂಡರೆ ಲೇಖಕರು ಯಾವ ಊರಿನವರು ಎಂದು ಮೊದಲು ನೋಡುತ್ತೇನೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಇಲ್ಲಿ ಅಳೆಯಬೇಕಾದದ್ದು ಆ ನಾಲ್ಕು ತಿಂಗಳನ್ನೇ.

ಬಾಕ್ಸ್ ಮೇಲೆ 15 ಕಿಲೋಮೀಟರ್ ಎಂದು ಬರೆದಿದ್ದಾರೆ. ನಿಜವಾ?

ಕಾಪು ದೀಪಸ್ತಂಭದ ತುದಿಯಿಂದ ಸಮುದ್ರದ ಕಡೆಗೆ ಕಳಿಸಿದರೆ ನಿಜ ಇರಬಹುದು. ತೋಟದಲ್ಲಿ ಅಲ್ಲ. ಗುಡ್ಡೆ ಅಡ್ಡ ಬಂದರೆ ಅರ್ಧ ಕಿಲೋಮೀಟರೂ ಕಷ್ಟ.

ಬಯಲಿನಲ್ಲೇ ದೂರ ಎರಡು ಪಟ್ಟಾದರೆ ಸಿಗ್ನಲಿನ ಶಕ್ತಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಅದು ಎಲ್ಲ ರೇಡಿಯೋಗೂ ಒಂದೇ. ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಎರಡು ಆಂಟೆನಾ ಒಂದಕ್ಕೊಂದು ಕಂಡರೆ ಸಾಲದು. ಅವುಗಳ ನಡುವೆ ಮಧ್ಯ ಉಬ್ಬಿದ ಸೌತೆಕಾಯಿ ಆಕಾರದ ಒಂದು ಜಾಗ ಖಾಲಿ ಇರಬೇಕು. ಫ್ರೆನೆಲ್ ವಲಯ ಎನ್ನುತ್ತಾರೆ. 866 ಮೆಗಾಹರ್ಟ್ಜ್‌ನಲ್ಲಿ ಒಂದು ಕಿಲೋಮೀಟರ್ ದೂರಕ್ಕೆ ಆ ಜಾಗ ಮಧ್ಯದಲ್ಲಿ ಸುತ್ತಲೂ 9 ಮೀಟರಿಗೂ ಮೇಲೆ ಅಗಲವಾಗಿರುತ್ತದೆ. ಅಂದರೆ ಗೇಟ್‌ವೇಯನ್ನು ಹಂಚಿನ ಮಾಡಿನ ಮೇಲಿಡುವುದಕ್ಕೂ, ಗುಡ್ಡೆಯ ನೀರಿನ ಟಾಂಕಿಯ ಮೇಲೆ ಒಂದು ಪೈಪ್ ನಿಲ್ಲಿಸಿ ಅದರ ತುದಿಗೆ ಕಟ್ಟುವುದಕ್ಕೂ ತುಂಬಾ ವ್ಯತ್ಯಾಸ. ದುಬಾರಿ ಆಂಟೆನಾಕ್ಕಿಂತ ಎತ್ತರದ ಪೈಪು ಲಾಭ.

ಲೋರಾದಲ್ಲಿ ದೂರ ಹೆಚ್ಚಿಸಲು ಬೇರೆ ಒಂದು ಉಪಾಯವೂ ಇದೆ. ತೋಡಿನಾಚೆ ಇರುವವರನ್ನು ಕರೆಯುವಾಗ ನಾವು "ಕೂ..." ಎಂದು ಉದ್ದಕ್ಕೆ ಎಳೆಯುತ್ತೇವಲ್ಲ, ಹಾಗೆ. ಒಂದೊಂದು ಅಕ್ಷರವನ್ನೂ ಎಳೆದು ಕಳಿಸಿದರೆ ಗದ್ದಲದ ನಡುವೆಯೂ ಆಚೆಯವರಿಗೆ ಹಿಡಿಯಲು ಆಗುತ್ತದೆ. ಎಳೆತಕ್ಕೆ 7ರಿಂದ 12ರವರೆಗೆ ಮೆಟ್ಟಿಲುಗಳಿವೆ. ಹತ್ತು ಬೈಟಿನ ಒಂದು ಚಿಕ್ಕ ಸುದ್ದಿ 7ರಲ್ಲಿ ಸುಮಾರು 60 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. 12ರಲ್ಲಿ ಅದಕ್ಕೆ ಒಂದೂವರೆ ಸೆಕೆಂಡ್ ಬೇಕು. ಇಪ್ಪತ್ತು ಪಟ್ಟಿಗಿಂತ ಜಾಸ್ತಿ ಹೊತ್ತು, ಅಷ್ಟೇ ಪಟ್ಟು ಬ್ಯಾಟರಿ. ಸುಮ್ನೆ ಎಲ್ಲ ನೋಡ್‌ಗೂ 12 ಹಾಕಿಡುವ ವಿದ್ಯಾರ್ಥಿಗಳಿಗೆ ನಾನು ಬೈಯುವುದು ಇದಕ್ಕೇ.

ರೇಡಿಯೋ ಕಳಿಸಲು ಸರಕಾರದ ಲೈಸೆನ್ಸ್ ಬೇಡವಾ?

865ರಿಂದ 867 ಮೆಗಾಹರ್ಟ್ಜ್‌ನೊಳಗೆ, ನಿಗದಿ ಮಾಡಿದ ಶಕ್ತಿಯ ಮಿತಿಯಲ್ಲಿ ಬೇಡ. ವೈಫೈ, ಜಿಗ್‌ಬೀ ಓಡುವ 2.4 ಗಿಗಾಹರ್ಟ್ಜ್‌ಗೂ ಬೇಡ. ಆದರೆ ಆನ್‌ಲೈನಿನಲ್ಲಿ ತರಿಸುವಾಗ ಜಾಗ್ರತೆ. 433 ಮತ್ತು 915 ಎಂದು ಬರೆದ ಮಾಡ್ಯೂಲುಗಳೂ ಬರುತ್ತವೆ. 915 ಅಮೆರಿಕದವರಿಗೆ. ಇಲ್ಲಿ ಆ ಜಾಗ ಮೊಬೈಲಿನವರದ್ದು.

ಎರಡು ಪೆಟ್ಟಿಗೆ ಒಟ್ಟಿಗೆ ಮಾತಾಡಿದರೆ?

ಜಗಳ. ಎರಡೂ ಸುದ್ದಿ ಹಾಳಾಗುವುದೇ ಹೆಚ್ಚು.

ಇದರ ಕತೆ ಚೆನ್ನಾಗಿದೆ. ಹವಾಯಿ ದ್ವೀಪಗಳಲ್ಲಿ ಒಂದು ವಿಶ್ವವಿದ್ಯಾಲಯ. ದ್ವೀಪದಿಂದ ದ್ವೀಪಕ್ಕೆ ಕಂಪ್ಯೂಟರ್ ಜೋಡಿಸಬೇಕಿತ್ತು, ನಡುವೆ ಸಮುದ್ರ. ನಾರ್ಮನ್ ಅಬ್ರಾಮ್ಸನ್ ಮತ್ತು ಜೊತೆಗಾರರು 1971ರಲ್ಲಿ ರೇಡಿಯೋ ಮೂಲಕವೇ ಜಾಲ ಮಾಡಿದರು. ಹೆಸರು ಅಲೋಹಾ. ನಿಯಮ ತುಂಬ ಸರಳ: ಹೇಳಬೇಕು ಅನಿಸಿದಾಗ ಹೇಳಿಬಿಡು, ಉತ್ತರ ಬರದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳು. ಇಷ್ಟು ಸಡಿಲ ನಿಯಮಕ್ಕೆ ಬೆಲೆಯೂ ಇದೆ. ಎಷ್ಟೇ ಕಷ್ಟಪಟ್ಟರೂ ಚಾನೆಲಿನ ಹೊತ್ತಿನಲ್ಲಿ ಹೆಚ್ಚೆಂದರೆ 18.4 ಶೇಕಡಾ ಮಾತ್ರ ಕೆಲಸಕ್ಕೆ ಬರುತ್ತದೆ. ಎಲ್ಲರೂ ಗಡಿಯಾರ ಸರಿಮಾಡಿಕೊಂಡು ಗೊತ್ತಾದ ಕ್ಷಣದಲ್ಲೇ ಬಾಯಿ ತೆರೆದರೆ ಅದು 36.8 ಆಗುತ್ತದೆ.

ನಮ್ಮ ತೋಟದ ಲೋರಾವಾನ್ (ಲೋರಾ ರೇಡಿಯೋಗಳ ಜಾಲ) ನೋಡ್‌ಗಳು ಇವತ್ತಿಗೂ ಪಾಲಿಸುವುದು ಹೆಚ್ಚುಕಡಿಮೆ ಅದೇ ಹಳೆಯ ಅಲೋಹಾ ನಿಯಮ. ಇಪ್ಪತ್ತು ನೋಡ್, ಕಾಲು ಗಂಟೆಗೊಮ್ಮೆ ಒಂದು ಮಾತು: ಏನೂ ತೊಂದರೆ ಇಲ್ಲ. ಆದರೆ ಒಮ್ಮೆ ಕರೆಂಟ್ ಹೋಗಿ ಬಂತು. ಚಾರ್ಜರಿಗೆ ಸಿಕ್ಕಿಸಿದ್ದ ಆರು ನೋಡ್‌ಗಳು ಒಂದೇ ಕ್ಷಣಕ್ಕೆ ಎದ್ದವು. ಅಲ್ಲಿಂದ ಪ್ರತಿ ಕಾಲು ಗಂಟೆಗೂ ಆರೂ ಒಟ್ಟಿಗೇ ಕೂಗಿದವು, ಗೇಟ್‌ವೇಗೆ ಒಂದೂ ಅರ್ಥವಾಗಲಿಲ್ಲ. ಏನಾಯಿತೆಂದು ಹುಡುಕಲು ಎರಡು ದಿನ ಹಿಡಿಯಿತು. ಪರಿಹಾರ ಒಂದು ಸಾಲಿನ ಕೋಡು: ಕಳಿಸುವ ಮೊದಲು ಒಂದೊಂದು ನೋಡೂ ತನಗೆ ತೋಚಿದಷ್ಟು ಸೆಕೆಂಡ್ ಕಾಯುವುದು.

ಬ್ಯಾಟರಿ ಎಷ್ಟು ದಿನ ಬರುತ್ತದೆ?

ನೋಡ್ ಎಂದರೆ ಮಲಗಿರುವ ಪ್ರಾಣಿ. ಕಾಲು ಗಂಟೆಗೊಮ್ಮೆ ಎದ್ದು, ಅಳೆದು, ಕೂಗಿ, ಮತ್ತೆ ಮಲಗುತ್ತದೆ. ಎದ್ದಾಗ ಎರಡು ಸೆಕೆಂಡ್, ಸರಾಸರಿ 40 ಮಿಲಿಆಂಪಿಯರ್ ಎನ್ನಿ. ದಿನಕ್ಕೆ 96 ಸಲ ಎದ್ದರೆ 192 ಸೆಕೆಂಡ್. ಲೆಕ್ಕ ಹಾಕಿದರೆ ಸುಮಾರು 2.1 ಮಿಲಿಆಂಪಿಯರ್ ಅವರ್. ಮಲಗಿದಾಗ 10 ಮೈಕ್ರೋಆಂಪಿಯರ್ ಎಂದರೆ ದಿನಕ್ಕೆ 0.24. ಒಟ್ಟು 2.4 ಹತ್ತಿರ. 2,400ರ ಬ್ಯಾಟರಿ ಹಾಕಿದರೆ ಸಾವಿರ ದಿನ, ಮೂರು ವರ್ಷಕ್ಕೆ ಸ್ವಲ್ಪ ಕಡಿಮೆ.

ಕಾಗದದ ಮೇಲೆ. ನಿಜದಲ್ಲಿ ಬ್ಯಾಟರಿ ತಾನಾಗಿಯೂ ಇಳಿಯುತ್ತದೆ, ಉತ್ತರ ಬರದಿದ್ದರೆ ನೋಡ್ ಮತ್ತೆ ಮತ್ತೆ ಕೂಗುತ್ತದೆ. ಇನ್ನು ಬೋರ್ಡಿನ ಮೇಲೆ ಒಂದು ಚಿಕ್ಕ ಕೆಂಪು ಎಲ್‌ಇಡಿ ಇರುತ್ತದೆ, ಸದಾ ಉರಿಯುವುದು. ಅದೊಂದೇ ಒಂದೆರಡು ಮಿಲಿಆಂಪಿಯರ್ ತಿಂದರೆ ಮೇಲಿನ ಲೆಕ್ಕವೆಲ್ಲ ಹೊಳೆಗೆ. ಆ ಎಲ್‌ಇಡಿ ಕಿತ್ತು ಎಸೆಯುವುದೇ ನಾನು ಹೊಸ ವಿದ್ಯಾರ್ಥಿಗೆ ಕಲಿಸುವ ಮೊದಲ ಪಾಠ.

ಸೋಲಾರ್ ಹಾಕಬಾರದಾ ಎಂದು ಕೇಳುತ್ತೀರಿ. ಅಡಿಕೆ ತೋಟದ ನೆರಳಿನಲ್ಲಿ, ಜುಲೈ ತಿಂಗಳಲ್ಲಿ? ಬಿಸಿಲು ಕಂಡರೆ ನಮಗೂ ಹೇಳಿ.

ಕೊಳೆರೋಗ ಬರುವ ಮೊದಲೇ ನಿಮ್ಮ ಯಂತ್ರ ಹೇಳುತ್ತದಾ?

ಇಲ್ಲ. ಹೇಳುತ್ತದೆ ಎಂದು ಯಾರಾದರೂ ಮಾರಲು ಬಂದರೆ ಸ್ವಲ್ಪ ಯೋಚಿಸಿ.

ನಮ್ಮ ಕಡೆ ಮಹಾಳಿ ಎನ್ನುವ ಈ ರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ. ಕೆನಡಾದಿಂದ ಮೈಸೂರಿಗೆ ಬಂದಿದ್ದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಇದರ ಬಗ್ಗೆ ಬರೆದರು, ಬೋರ್ಡೋ ದ್ರಾವಣ ಹೊಡೆಯಲು ಹೇಳಿದರು. ನೂರು ವರ್ಷ ದಾಟಿದರೂ ನಾವು ಬಿಡುವ ಮದ್ದು ಅದೇ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, ಮತ್ತೆ 40-45 ದಿನಕ್ಕೆ ಇನ್ನೊಂದು ಸಲ.

ಈ ಎರಡನೇ ಸಲವೇ ತಲೆನೋವು. ಮರ ಹತ್ತುವವರು ಸಿಗುವುದು ಕಷ್ಟ, ಸಿಕ್ಕಿದ ದಿನ ಮಳೆ ಬಿಡುವುದಿಲ್ಲ. ರೋಗ ಹರಡಲು ಗೊನೆ ತುಂಬಾ ಹೊತ್ತು ಒದ್ದೆ ಇರಬೇಕು, ಹವೆ ತಂಪಿರಬೇಕು. ನಮ್ಮ ನೋಡ್ ಹೇಳುವುದು ಇಷ್ಟನ್ನೇ: ಈ ವಾರ ನಿಮ್ಮ ಮೇಲಿನ ತೋಟದಲ್ಲಿ ಇಷ್ಟು ಗಂಟೆ ಒದ್ದೆ ಇತ್ತು, ಕೆಳಗಿನ ತೋಟದಲ್ಲಿ ಅದಕ್ಕಿಂತ ಜಾಸ್ತಿ. ಹತ್ತುವವರು ಒಂದೇ ದಿನಕ್ಕೆ ಸಿಕ್ಕರೆ ಮೊದಲು ಎಲ್ಲಿಗೆ ಕಳಿಸಬೇಕು ಎಂಬುದಕ್ಕೆ ಅದು ಉಪಯೋಗ. ನನ್ನ ಮಾವನಿಗೆ ಇದನ್ನು ತೋರಿಸಿದಾಗ, "ಕೆಳಗಿನದ್ದು ಜಾಸ್ತಿ ಒದ್ದೆ ಅಂತ ನನಗೆ ನಲವತ್ತು ವರ್ಷದಿಂದ ಗೊತ್ತುಂಟಲ್ಲ ಮಾರಾಯ" ಎಂದರು. ಸರಿಯೇ. ಆದರೆ ಮೂರು ವಾರ ಬಿಟ್ಟು ಗ್ರಾಫ್ ನೋಡುತ್ತಾ, "ಈ ಈಶಾನ್ಯದ ಮೂಲೆ ಹೀಗಂತ ಗೊತ್ತಿರಲಿಲ್ಲ" ಎಂದರು. ಆ ಮೂಲೆಗೆ ಗಾಳಿಯೇ ಆಡುವುದಿಲ್ಲ. ನನಗೆ ಸಿಕ್ಕ ದೊಡ್ಡ ಸರ್ಟಿಫಿಕೇಟು ಅದು.

ಮಳೆಗಾಲದಲ್ಲಿ ಪೆಟ್ಟಿಗೆಗೆ ಏನೂ ಆಗುವುದಿಲ್ಲವಾ?

ಆಗದೇ ಇರುವುದು ಯಾವುದು ಎಂದು ಕೇಳಿ.

ಇರುವೆ ನಂಬರ್ ಒಂದು. ಬೆಚ್ಚಗಿನ, ಒಣಗಿದ, ಮರಕ್ಕೆ ಕಟ್ಟಿದ ಪೆಟ್ಟಿಗೆ: ಇರುವೆಗೆ ಇದಕ್ಕಿಂತ ಒಳ್ಳೆಯ ಮನೆ ಯಾರು ಕೊಡುತ್ತಾರೆ? ಒಂದು ನೋಡ್ ಹತ್ತು ದಿನ ಮೌನವಾಯಿತೆಂದು ಬಿಚ್ಚಿದರೆ ಬ್ಯಾಟರಿಯ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಮೊಟ್ಟೆ.

ಮಳೆಮಾಪಕದ್ದು ಬೇರೆ ಕತೆ. ಅದರೊಳಗೆ ತಕ್ಕಡಿಯಂಥ ಎರಡು ಪುಟ್ಟ ಬಟ್ಟಲು. 0.2 ಮಿಲಿಮೀಟರ್ ಮಳೆಯ ನೀರು ತುಂಬಿದರೆ ಒಂದು ಮಗುಚುತ್ತದೆ, ಇನ್ನೊಂದು ಬಾಯೊಡ್ಡುತ್ತದೆ. ಎಷ್ಟು ಸಲ ಮಗುಚಿತು ಎಂದು ಎಣಿಸಿದರೆ ಮಳೆ ಗೊತ್ತಾಗುತ್ತದೆ. ನಮ್ಮಲ್ಲಿಯ ಜಡಿಮಳೆಗೆ ಬಟ್ಟಲು ಮಗುಚುವಷ್ಟರಲ್ಲೇ ಒಂದಿಷ್ಟು ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಅದನ್ನು ತಿದ್ದಿಕೊಳ್ಳಲು ಸೂತ್ರವಿದೆ. ಆದರೆ ಆಲಿಕೆಯ ತೂತಿಗೆ ಅಡಿಕೆ ಹಿಂಗಾರದ ಚೂರು ಸಿಕ್ಕಿಕೊಂಡರೆ ಸೂತ್ರ ಏನು ಮಾಡೀತು? ಹಿಂದಿನ ದಿನ ಇಡೀ ಸುರಿದಿದೆ, ನಮ್ಮ ಗ್ರಾಫಿನಲ್ಲಿ ಸೊನ್ನೆ. "ಮಾಸ್ಟ್ರೇ, ನಿಮ್ಮ ಲೆಕ್ಕದಲ್ಲಿ ನಿನ್ನೆ ಬಿಸಿಲಾ?" ಎಂದು ತೋಟದ ಯಜಮಾನರು ಫೋನ್ ಮಾಡಿದ್ದರು.

ನೀರು ಒಳಗೆ ಹೋಗುವುದು ನಾವು ಎಣಿಸಿದ ಹಾಗಲ್ಲ. ರಬ್ಬರ್ ಹಾಕಿ, ಸ್ಕ್ರೂ ಬಿಗಿದು, ಪೂರ್ತಿ ಮುಚ್ಚಿದ ಪೆಟ್ಟಿಗೆಗೇ ಜಾಸ್ತಿ ತೊಂದರೆ. ಬಿಸಿಲಿಗೆ ಒಳಗಿನ ಗಾಳಿ ಕಾಯುತ್ತದೆ. ಫಕ್ಕನೆ ಮಳೆ ಬಿದ್ದರೆ ತಣಿದು ಕುಗ್ಗುತ್ತದೆ, ಆಗ ಸಂದಿಯಲ್ಲಿ ನಿಂತ ನೀರನ್ನು ಪೆಟ್ಟಿಗೆಯೇ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೆ ಗಾಳಿ ಬಿಟ್ಟು ನೀರು ತಡೆಯುವ ಚಿಕ್ಕ ಬಿರಡೆ ಸಿಗುತ್ತದೆ. ಅದನ್ನು ಕೆಳಮುಖವಾಗಿ ಹಾಕುತ್ತೇವೆ, ವಯರು ಬರುವ ತೂತೂ ಕೆಳಗೇ. ಮಲ್ಪೆ, ಸುರತ್ಕಲ್ ಕಡೆ ಸಮುದ್ರದ ಹತ್ತಿರ ಇಟ್ಟರೆ ಉಪ್ಪುಗಾಳಿಗೆ ಆಂಟೆನಾದ ಕನೆಕ್ಟರ್ ಒಂದೇ ಮಳೆಗಾಲದಲ್ಲಿ ಕಿಲುಬು ಹಿಡಿಯುತ್ತದೆ. ಅಲ್ಲಿಗೆ ಸಿಗ್ನಲ್ ಅರ್ಧ ಹೋಯಿತು, ನಾವು ಮಾತ್ರ ಪ್ರೊಟೊಕಾಲಿನಲ್ಲಿ (ನೋಡ್‌ಗಳ ಮಾತಿನ ನಿಯಮದಲ್ಲಿ) ತಪ್ಪು ಹುಡುಕುತ್ತಾ ಕೂತಿರುತ್ತೇವೆ.

ಸಿಡಿಲು ಜಾಸ್ತಿ ಏಪ್ರಿಲ್-ಮೇಯಲ್ಲಿ, ಮತ್ತೆ ಅಕ್ಟೋಬರ್ ಹೊತ್ತಿಗೆ. ಉದ್ದ ವಯರು ಎಳೆದ ಸೆನ್ಸರ್‌ಗಳೇ ಮೊದಲು ಸಾಯುವುದು.

ನದಿಗೆ ಉಪ್ಪುನೀರು ನುಗ್ಗುವುದನ್ನು ಅಳೆಯಬಹುದಾ?

ಅಳೆಯಬಹುದು, ಅಳೆಯಲೇಬೇಕು ಎಂದು ನನ್ನ ಅಭಿಪ್ರಾಯ. ಬೇಸಗೆಯಲ್ಲಿ ಹೊಳೆಯ ಹರಿವು ಕಡಿಮೆಯಾದಾಗ ಉಬ್ಬರದ ಜೊತೆ ಸಮುದ್ರದ ನೀರು ಮೇಲೆ ಏರುತ್ತದೆ, ದಡದ ಬಾವಿಗಳು ಚಪ್ಪೆಯಿಂದ ಉಪ್ಪಾಗುತ್ತವೆ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ಇದನ್ನು ತಡೆಯಲು ಕೂಡ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿದರೆ ಉಪ್ಪು ಎಷ್ಟಿದೆ ಎಂದು ಗೊತ್ತಾಗುತ್ತದೆ.

ಉಪ್ಪುನೀರಿನೊಳಗೆ ನಮ್ಮ ರೇಡಿಯೋ ಅಲೆ ಕೆಲವೇ ಸೆಂಟಿಮೀಟರಿನಲ್ಲಿ ಸತ್ತುಹೋಗುತ್ತದೆ. ಹಾಗಾಗಿ ಸೆನ್ಸರ್ ನೀರಲ್ಲಿ, ರೇಡಿಯೋ ಕಂಬದ ಮೇಲೆ. ನೀರಲ್ಲಿಟ್ಟ ಸೆನ್ಸರಿಗೆ ಪಾಚಿ, ಚಿಪ್ಪು ಕಚ್ಚಿಕೊಳ್ಳುತ್ತದೆ. ಎರಡು ವಾರಕ್ಕೊಮ್ಮೆ ದೋಣಿಯಲ್ಲಿ ಹೋಗಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಬೇಕು. ವೈರ್‌ಲೆಸ್ ಸಂಶೋಧನೆ ಎಂದರೆ ಇದೂ ಹೌದು.

ಗುಡ್ಡ ಜರಿಯುವುದನ್ನು?

ಕೇರಳದ ಮುನ್ನಾರ್‌ನಲ್ಲಿ ಅಮೃತ ವಿಶ್ವವಿದ್ಯಾಲಯದವರು ಹದಿನೈದು ವರ್ಷಕ್ಕೂ ಹಿಂದೆಯೇ ಗುಡ್ಡದೊಳಗೆ ಆಳಕ್ಕೆ ಸೆನ್ಸರ್ ಇಳಿಸಿ ಜಾಲ ಮಾಡಿದರು. ಮಣ್ಣಿನ ಕಣಗಳ ನಡುವಿನ ನೀರಿನ ಒತ್ತಡ ಏರುವುದನ್ನು ಅಳೆಯುವುದು ಅದರ ಮುಖ್ಯ ಕೆಲಸ. ಅದಕ್ಕೆ ಬಾವಿ ಕೊರೆಯಬೇಕು, ಭೂವಿಜ್ಞಾನಿಗಳು ಬೇಕು, ವರ್ಷಗಟ್ಟಲೆ ತಾಳ್ಮೆ ಬೇಕು. ನಮ್ಮ ಬುತ್ತಿ ಡಬ್ಬಿಯ ಕೆಲಸ ಅಲ್ಲ.

ಇದರ ರೇಡಿಯೇಷನ್‌ನಿಂದ ಜೇನುಹುಳ, ಹಕ್ಕಿ ಸಾಯುವುದಿಲ್ಲವಾ?

ನೋಡ್ ಕಳಿಸುವ ಶಕ್ತಿ ಸಾಮಾನ್ಯವಾಗಿ 25 ಮಿಲಿವ್ಯಾಟ್. ನಿಮ್ಮ ಕೈಯ 4ಜಿ ಫೋನ್ ಹೆಚ್ಚೆಂದರೆ 200 ಮಿಲಿವ್ಯಾಟ್ ಕಳಿಸಬಲ್ಲದು. ನೋಡ್ ಮಾತಾಡುವುದೂ ಇಡೀ ದಿನಕ್ಕೆ ಕೆಲವೇ ಸೆಕೆಂಡ್. ಅದರ ಬಗ್ಗೆ ಹೆದರಿ ನನಗೆ ಒಂದು ಗಂಟೆ ಫೋನಿನಲ್ಲಿ ಬೈದವರೂ ಇದ್ದಾರೆ.

ಸರ್, ಲೀಚ್ ಪ್ರೊಟೊಕಾಲ್ ಮೇಲೆ ಪ್ರಾಜೆಕ್ಟ್ ಮಾಡಲಾ?

ಇದು ವಿದ್ಯಾರ್ಥಿಗಳದ್ದು. ಹೊರಗಿನವರಿಗೆ: ಲೀಚ್ ಎಂದರೆ ಆಗುಂಬೆಯ ಇಂಬಳ ಅಲ್ಲ. 2000ನೇ ಇಸವಿಯಲ್ಲಿ ವೆಂಡಿ ಹೈಂಜಲ್ಮನ್ ಮತ್ತು ಜೊತೆಗಾರರು ಕೊಟ್ಟ ಒಂದು ಉಪಾಯ. ನೋಡ್‌ಗಳು ಗುಂಪು ಮಾಡಿಕೊಳ್ಳುತ್ತವೆ, ಗುಂಪಿಗೊಂದು ಯಜಮಾನ. ಎಲ್ಲರ ಮಾತು ಒಟ್ಟುಮಾಡಿ ದೂರಕ್ಕೆ ಕಳಿಸುವುದು ಅವನ ಕೆಲಸ. ಆ ಕೆಲಸದಲ್ಲಿ ಬ್ಯಾಟರಿ ಬೇಗ ಮುಗಿಯುವುದರಿಂದ ಯಜಮಾನಿಕೆ ಸರದಿಯಲ್ಲಿ ಬದಲಾಗುತ್ತದೆ. ಒಳ್ಳೆಯ ಯೋಚನೆ.

ತೊಂದರೆ ಎಂದರೆ, ಆಮೇಲೆ ಅದಕ್ಕೆ ಸಣ್ಣ ಒಗ್ಗರಣೆ ಹಾಕಿ ಬರೆದ ಪ್ರಬಂಧಗಳಿಗೆ ಲೆಕ್ಕವೇ ಇಲ್ಲ. ನೂರು ಮೀಟರ್ ಚೌಕದಲ್ಲಿ ನೂರು ನೋಡ್ ಎರಚುತ್ತಾರೆ, ಎಲ್ಲ ಕಂಪ್ಯೂಟರಿನ ಒಳಗೇ. ಅಲ್ಲಿ ಕೆಸುವಿನೆಲೆ ಇಲ್ಲ, ಇರುವೆ ಇಲ್ಲ, ಕಿಲುಬು ಇಲ್ಲ. ಸಿಮ್ಯುಲೇಷನ್ ಬೇಡ ಎನ್ನುವುದಿಲ್ಲ, ನಾನೂ ಮಾಡುತ್ತೇನೆ. ಆದರೆ ನಾಲ್ಕು ನೋಡ್ ಆದರೂ ಹೊರಗೆ ಕಟ್ಟಿ ಬಂದ ಮೇಲೆ ಮಾಡು. ನಿನ್ನ ಗ್ರಾಫ್ ತುಂಬಾ ನುಣುಪಾಗಿದ್ದರೆ ನನಗೆ ಅನುಮಾನ.

ಪಿಎಚ್‌ಡಿ ಮಾಡಿದರೆ ಹೊಟ್ಟೆಗೆ?

ಕೇಂದ್ರದ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ವಿದ್ಯಾರ್ಥಿವೇತನ) ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಬೆಂಗಳೂರಿನ ಸಾಫ್ಟ್‌ವೇರ್ ಸಂಬಳದ ಜೊತೆ ಹೋಲಿಸಬೇಡಿ, ನಿದ್ದೆ ಬರುವುದಿಲ್ಲ. ಸೋಲ್ಡರಿಂಗ್ ಕೈಹಿಡಿಯಬೇಕು, ಗಣಿತಕ್ಕೆ ಹೆದರಬಾರದು. ಮರಕ್ಕೆ ಏಣಿ ಇಟ್ಟು ಹತ್ತಲು ಬಂದರೆ ಇನ್ನೂ ಒಳ್ಳೆಯದು. ಕೊನೆಯದ್ದು ತಮಾಷೆ ಅಲ್ಲ.

ನಮ್ಮ ತೋಟಕ್ಕೂ ಹಾಕಿಕೊಡುತ್ತೀರಾ?

ನಾವು ಮಾರುವವರಲ್ಲ. ಆದರೆ ಪ್ರಯೋಗಕ್ಕೆ ಪ್ರತಿವರ್ಷ ಒಂದೆರಡು ಹೊಸ ತೋಟ ಬೇಕಾಗುತ್ತದೆ. ಇಳಿಜಾರು, ಬೈಲು ಎರಡೂ ಇದ್ದರೆ ಖುಷಿ. ದುಡ್ಡು ಬೇಡ, ಮಧ್ಯಾಹ್ನದ ಊಟ ಸಾಕು. ಬೇಸಗೆಯಲ್ಲೇ ಹೇಳಬೇಕು. ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ಎಲ್ಲ ಕಟ್ಟಿ ಮುಗಿದಿರಬೇಕು, ಆಮೇಲೆ ಮರಕ್ಕೆ ಏಣಿ ಇಡುವ ಹಾಗಿಲ್ಲ. ಮನೆಯಲ್ಲಿ ಒಬ್ಬರು, ಮಕ್ಕಳಾದರೂ ಆದೀತು, ವಾರಕ್ಕೊಮ್ಮೆ ಮಳೆಮಾಪಕದ ಆಲಿಕೆಯಿಂದ ಕಸ ತೆಗೆಯುತ್ತೇನೆ ಎಂದು ಒಪ್ಪಿಕೊಳ್ಳಬೇಕು. ಇರುವೆ ಪುಡಿ ನಾವೇ ತರುತ್ತೇವೆ.